ಗಂಗೋತ್ರಿಯ ಬಾಗಿಲು ಯಾರಿಗೆ ತೆರೆದಿದೆ?

ಚಾಮುಂಡಿ ಬೆಟ್ಟದಲ್ಲಿ ನಡೆದ ಕನ್ನಡ ಯುವಜನರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ



ಈ ಬೆಟ್ಟಕ್ಕೆ ಬಂದವರು ಮೊದಲು ತಾಯಿ ಚಾಮುಂಡಿಗೆ ಕೈ ಮುಗಿಯುತ್ತಾರೆ. ಆಮೇಲೆ ಊರು ಕಾಣುವ ಕಡೆ ನಿಂತು ಅರಮನೆ ಎಲ್ಲಿ, ಲಲಿತಮಹಲ್ ಎಲ್ಲಿ ಎಂದು ಬೆರಳು ಮಾಡಿ ತೋರಿಸುತ್ತಾರೆ. ಫೋಟೋ ತೆಗೆಸಿಕೊಂಡು ಇಳಿದು ಹೋಗುತ್ತಾರೆ. ನೀವು ಅರಮನೆಯಿಂದ ಇನ್ನಷ್ಟು ಎಡಕ್ಕೆ ನೋಡಿ. ಅಲ್ಲಿ ಹೊಳೆಯುವುದು ಕುಕ್ಕರಹಳ್ಳಿ ಕೆರೆ. ಅದರ ಆಚೆಗಿನ ಹಸಿರೇ ಮಾನಸಗಂಗೋತ್ರಿ, ನಮ್ಮ ಮೈಸೂರು ವಿಶ್ವವಿದ್ಯಾನಿಲಯ. ಇವತ್ತಿನ ನನ್ನ ಮಾತು ಆ ಹಸಿರಿನ ಬಗ್ಗೆ.

ನಾವು ಅಂಗಡಿ ಬೋರ್ಡಿಗಾಗಿ ಬೀದಿಗಿಳಿಯುತ್ತೇವೆ. ಬ್ಯಾಂಕಿನ ಚಲನ್‌ಗಾಗಿ ಜಗಳವಾಡುತ್ತೇವೆ. ರೈಲ್ವೆ ಕೆಲಸಕ್ಕಾಗಿ ಧರಣಿ ಕೂರುತ್ತೇವೆ. ಇವೆಲ್ಲ ಬೇಕು. ಆದರೆ ಬೋರ್ಡಿನ ಮೇಲೆ ಕನ್ನಡ ಬರೆಸಿದ ನಾವು ಪ್ರಯೋಗಶಾಲೆಯ ಬಾಗಿಲು ತಟ್ಟಿದ್ದೇವೆಯೇ? ಹೊಸ ತಿಳಿವಳಿಕೆ ಹುಟ್ಟುವ ಜಾಗದಲ್ಲಿ ಕನ್ನಡ ಇಲ್ಲದಿದ್ದರೆ ಬೋರ್ಡಿನ ಕನ್ನಡ ಎಷ್ಟು ದಿನ ಬಾಳುತ್ತದೆ? ಇದನ್ನು ಕೇಳುವ ಹಕ್ಕು ನಮಗಿದೆ. ಏಕೆಂದರೆ ಆ ವಿಶ್ವವಿದ್ಯಾನಿಲಯ ಕಟ್ಟಿದ್ದು ಈ ನಾಡಿನ ರೈತರ ಕಂದಾಯದಿಂದ.

ಇತಿಹಾಸವನ್ನು ಸ್ವಲ್ಪ ಕೆದಕೋಣ. ೧೯೧೬ರವರೆಗೆ ಮಹಾರಾಜಾ ಕಾಲೇಜು, ಸೆಂಟ್ರಲ್ ಕಾಲೇಜಿನ ನಮ್ಮ ಹುಡುಗರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆ ಬರೆಯಬೇಕಿತ್ತು. ಪದವಿಯ ಮುದ್ರೆ ಒತ್ತುವವರು ಬೇರೆಯವರು. ನಾಲ್ವಡಿ ಕೃಷ್ಣರಾಜ ಒಡೆಯರಿಗೂ ದಿವಾನ್ ವಿಶ್ವೇಶ್ವರಯ್ಯನವರಿಗೂ ಇದು ಸಾಕೆನಿಸಲಿಲ್ಲ. ೧೯೧೬ರ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ದೇಶೀ ಸಂಸ್ಥಾನವೊಂದು ತಾನೇ ಕಟ್ಟಿಕೊಂಡ ಮೊದಲ ವಿಶ್ವವಿದ್ಯಾನಿಲಯ ಇದು. ಅದರ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಅದಕ್ಕೆ ಒಂದು ವರ್ಷ ಮೊದಲು, ೧೯೧೫ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಪರಿಷತ್ತು, ವಿಶ್ವವಿದ್ಯಾನಿಲಯ ಎರಡಕ್ಕೂ ಒಬ್ಬನೇ ಯಜಮಾನ. ಆದರೂ ವಿಶ್ವವಿದ್ಯಾನಿಲಯದ ಪಾಠ ನಡೆದದ್ದು ಇಂಗ್ಲಿಷಿನಲ್ಲಿ! ಕನ್ನಡ ಎಂ.ಎ. ಶುರುವಾಗಲು ೧೯೨೭ರವರೆಗೆ ಕಾಯಬೇಕಾಯಿತು. ಕನ್ನಡನಾಡಿನ ವಿಶ್ವವಿದ್ಯಾನಿಲಯದಲ್ಲಿ ಕನ್ನಡವನ್ನು ಉನ್ನತವಾಗಿ ಓದಲು ಹನ್ನೊಂದು ವರ್ಷ!

ಆಗ ಕನ್ನಡದಲ್ಲಿ ಶಕ್ತಿಯಿರಲಿಲ್ಲ ಎಂದು ಕೆಲವು ಮೇಧಾವಿಗಳು ಹೇಳುತ್ತಾರೆ. ಸುಳ್ಳು! ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ಗೆಳೆಯರು ೧೯೧೮ರಲ್ಲೇ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತಂದರು. ಅದು ಬಹಳ ಕಾಲ ನಡೆಯಲಿಲ್ಲ. ಬರೆಯುವವರಿದ್ದರು, ಬೆನ್ನಿಗೆ ನಿಲ್ಲುವವರು ಸಾಲದಾದರು.

ಬೆನ್ನಿಗೆ ಸರ್ಕಾರವೇ ನಿಂತರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಹೈದರಾಬಾದನ್ನು ನೋಡಿ. ಮೈಸೂರಿನ ನಂತರ ಎರಡೇ ವರ್ಷಕ್ಕೆ, ೧೯೧೮ರಲ್ಲಿ, ನಿಜಾಮರು ಉಸ್ಮಾನಿಯಾ ವಿಶ್ವವಿದ್ಯಾನಿಲಯ ತೆರೆದರು. ಮಾಧ್ಯಮ ಉರ್ದು. ಮೊದಲೇ ಅನುವಾದದ ಇಲಾಖೆ ಕಟ್ಟಿದರು, ಪಠ್ಯಪುಸ್ತಕ ಮಾಡಿಸಿದರು. ವಿಜ್ಞಾನ, ವೈದ್ಯ, ಎಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಿದರು. ಇಂಗ್ಲಿಷ್ ಬಿಟ್ಟರೆ ವಿಜ್ಞಾನಕ್ಕೆ ಬಾಯಿಯೇ ಇಲ್ಲ ಎನ್ನುವವರಿಗೆ ಇಷ್ಟು ಸಾಕಲ್ಲವೇ?

ಆದರೆ ಆ ಕಥೆಗೆ ಇನ್ನೊಂದು ಮಗ್ಗುಲಿದೆ. ನಿಜಾಮರ ರಾಜ್ಯದ ಬೀದರ್, ಕಲಬುರಗಿ, ರಾಯಚೂರಿನ ಮನೆಮಾತು ಕನ್ನಡ. ತೆಲಂಗಾಣದ್ದು ತೆಲುಗು, ಮರಾಠವಾಡದ್ದು ಮರಾಠಿ. ಅರಮನೆಯ ಭಾಷೆ ವಿಶ್ವವಿದ್ಯಾನಿಲಯದ ಭಾಷೆಯಾಯಿತು, ಜನರ ಭಾಷೆ ಹೊರಗೇ ನಿಂತಿತು. ದೇಶಭಾಷೆ ಬಂದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ. ಯಾರ ಭಾಷೆ, ಯಾರಿಗಾಗಿ ಎಂದು ಕೇಳಲೇಬೇಕು. ಈ ಪ್ರಶ್ನೆಯನ್ನು ನಮ್ಮ ಮನೆಯೊಳಗೂ ಕೇಳಿಕೊಳ್ಳೋಣ.

ಕೇಳಿಕೊಂಡ ದೊರೆಯೊಬ್ಬರು ನಮ್ಮಲ್ಲಿದ್ದರು. ಅಂದಿನ ಮೈಸೂರಿನ ಕಚೇರಿಗಳಲ್ಲೂ ಕಾಲೇಜುಗಳಲ್ಲೂ ಒಂದೇ ಮೇಲ್ಜಾತಿಯವರು ತುಂಬಿದ್ದರು. ೧೯೧೮ರಲ್ಲಿ ನಾಲ್ವಡಿಯವರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದು ಸಮಿತಿ ಹೇಳಿತು. ಈ ವಿಷಯದಲ್ಲಿ ಮಹಾರಾಜರಿಗೂ ದಿವಾನರಿಗೂ ಭಿನ್ನಾಭಿಪ್ರಾಯವಿತ್ತು. ೧೯೧೮ರ ಕೊನೆಗೆ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಇಬ್ಬರೂ ದೊಡ್ಡವರೇ. ಒಬ್ಬರು ವಿಶ್ವವಿದ್ಯಾನಿಲಯ ಬೇಕೆಂದು ಹಟ ಹಿಡಿದರು. ಇನ್ನೊಬ್ಬರು ಅದರೊಳಗೆ ಯಾರಿದ್ದಾರೆ ಎಂದು ಎಣಿಸಿ ನೋಡಿದರು. ಇವತ್ತು ಕೆಲವರು 'ಮೀಸಲಾತಿಯಿಂದ ವಿಶ್ವವಿದ್ಯಾನಿಲಯ ಹಾಳಾಯಿತು' ಎನ್ನುತ್ತಾರಲ್ಲ, ಅವರಿಗೆ ಈ ಕಥೆ ಹೇಳಿ. ಆ ಕಾಳಜಿ ಎರಡು ವರ್ಷದ ಕೂಸಾಗಿದ್ದ ವಿಶ್ವವಿದ್ಯಾನಿಲಯದ ಕಾಲದ್ದು.

ಆ ಬಾಗಿಲಿನಿಂದ ಒಳಗೆ ಬಂದವರು ಏನು ಮಾಡಿದರು? ಮಲೆನಾಡಿನ ಕುಪ್ಪಳಿಯಿಂದ ಒಬ್ಬ ಒಕ್ಕಲಿಗರ ಹುಡುಗ ಮೈಸೂರಿಗೆ ಓದಲು ಬಂದ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ. ಅವನ್ನು ನೋಡಿ, ನಿನ್ನ ತಾಯ್ನುಡಿಯಲ್ಲಿ ಬರೆ ಎಂದವರು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ. ಆ ಹುಡುಗನೇ ಕುವೆಂಪು. ೧೯೫೬ರಲ್ಲಿ ಅವರೇ ಈ ವಿಶ್ವವಿದ್ಯಾನಿಲಯದ ಕುಲಪತಿಯಾದರು. ಅಲ್ಲಿ ಕಾಣುವ ಮಾನಸಗಂಗೋತ್ರಿಯನ್ನು ಕಟ್ಟಿದವರು, ಹೆಸರಿಟ್ಟವರು ಅವರೇ. ಕನ್ನಡ ಮಾಧ್ಯಮಕ್ಕಾಗಿ, ಕನ್ನಡದ ವಿಜ್ಞಾನ ಪುಸ್ತಕಗಳಿಗಾಗಿ ಕುರ್ಚಿಯಲ್ಲಿ ಕೂತೂ ಹೋರಾಡಿದರು. ಮುಂದೆ ೧೯೬೬ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಬಂತು, ಕನ್ನಡ ವಿಶ್ವಕೋಶದ ಸಂಪುಟಗಳು ಬಂದವು. ಪ್ರಸಾರಾಂಗದ ಪ್ರಚಾರೋಪನ್ಯಾಸಕ್ಕೆ ಪ್ರಾಧ್ಯಾಪಕರು ಹಳ್ಳಿಗಳಿಗೆ ಹೋದರು. ಅದೇ ಭಾಷಣ ಅಗ್ಗದ ಪುಸ್ತಕವಾಗಿ ಜನರ ಕೈಸೇರಿತು. ಸಂಶೋಧನೆ ಎಂದರೆ ಇದು! ನಾಡಿನಿಂದ ಪಡೆದದ್ದನ್ನು ನಾಡಿಗೆ ಹಿಂತಿರುಗಿಸುವುದು.

ಈಗ ಒಂದು ಕಹಿ ಮಾತು. ಹೊರಗಿನವರನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ೧೯೭೩ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯ ವಿರುದ್ಧ ನಿಂತ ಮನುಷ್ಯ ಅವರು. ದಲಿತರ ಬದುಕಿಗೆ ಈ ಸಾಹಿತ್ಯ ಏನು ಕೊಟ್ಟಿದೆ ಎಂಬುದು ಅವರ ಸಂಕಟ. ನಮ್ಮವರು ಏನು ಮಾಡಿದರು? ಕನ್ನಡದ ಹೆಸರಿನಲ್ಲಿ ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡರು. ಪೆಟ್ಟು ತಿಂದ ಹುಡುಗರೂ ಕನ್ನಡಿಗರೇ ಅಲ್ಲವೇ? ಅವರ ಅವ್ವ ಜೋಗುಳ ಹಾಡಿದ್ದು ಯಾವ ಭಾಷೆಯಲ್ಲಿ?

ಆ ಏಟಿನ ನಂತರ ದಲಿತ ಚಳವಳಿ ಎದ್ದು ನಿಂತಿತು, ದಲಿತ ಸಂಘರ್ಷ ಸಮಿತಿ ಹುಟ್ಟಿತು. ಈ ಬೆಟ್ಟದ ಆ ಕಡೆಗಿರುವ ನಂಜನಗೂಡು ಸೀಮೆಯ ಮಾತಿನಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ' ಬರೆದರು; ಅದಕ್ಕೆ ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದ ಕನ್ನಡಕ್ಕೆ ಕೇರಿಯ ಕನ್ನಡ ಹೊಸ ರಕ್ತ ಕೊಟ್ಟಿತು. ಕನ್ನಡವನ್ನು ಪ್ರಶ್ನೆ ಮಾಡಿದವರೇ ಕನ್ನಡವನ್ನು ಬೆಳೆಸಿದರು. ಈ ಪಾಠ ಮರೆತ ಕನ್ನಡ ಸಂಘಟನೆಗೆ ಬಾವುಟ ಇರುತ್ತದೆ, ಜನ ಇರುವುದಿಲ್ಲ.

ಇನ್ನು ಇವತ್ತಿನ ವಿದ್ಯಾರ್ಥಿಯ ಪಾಡು ನೋಡಿ. ಎಚ್.ಡಿ. ಕೋಟೆಯಿಂದಲೋ ಗುಂಡ್ಲುಪೇಟೆಯಿಂದಲೋ ಒಬ್ಬ ಹುಡುಗಿ ಎಂ.ಎಸ್ಸಿ.ಗೆ ಬರುತ್ತಾಳೆ ಎಂದುಕೊಳ್ಳಿ. ಮನೆಯಲ್ಲಿ ಡಿಗ್ರಿ ಕಂಡವಳು ಅವಳೊಬ್ಬಳೇ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಲೆಕ್ಕ ಬರುತ್ತದೆ, ಪ್ರಯೋಗ ಬರುತ್ತದೆ. ಸೆಮಿನಾರಿನಲ್ಲಿ ಎದ್ದು ನಿಂತರೆ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ. ಪಕ್ಕದವರು ಕಿಸಕ್ಕನೆ ನಗುತ್ತಾರೆ. ಮುಂದಿನ ಸಲ ಅವಳು ಹಿಂದಿನ ಬೆಂಚಿಗೆ ಹೋಗುತ್ತಾಳೆ. ಗೊತ್ತಿರುವ ಪ್ರಶ್ನೆಯನ್ನೂ ಕೇಳುವುದಿಲ್ಲ. ಜೆರಾಕ್ಸ್ ಅಂಗಡಿಯ ನೋಟ್ಸ್ ಉರು ಹೊಡೆದು ಪಾಸಾಗುತ್ತಾಳೆ. ಪ್ರಶ್ನೆ ಕೇಳದವಳು ಸಂಶೋಧಕಿಯಾಗುವುದು ಹೇಗೆ? ನಾಡು ಒಬ್ಬ ವಿಜ್ಞಾನಿಯನ್ನು ಕಳೆದುಕೊಂಡಿತು, ಯಾರ ಲೆಕ್ಕಕ್ಕೂ ಬರಲಿಲ್ಲ. ಅವಳಿಗೆ ಇಂಗ್ಲಿಷ್ ಬೇಡ ಎನ್ನುವ ಮೂರ್ಖ ನಾನಲ್ಲ. ಚೆನ್ನಾಗಿ ಕಲಿಸಿ. ಕಲಿಯುವವರೆಗೆ ಅವಳ ಬುದ್ಧಿಗೆ ಬೀಗ ಹಾಕಬೇಡಿ ಎನ್ನುತ್ತೇನೆ.

ಇದಕ್ಕೆ ಕಾನೂನು ಅಡ್ಡಿಯಾಗಿದೆಯೇ? ಇಲ್ಲ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ೨೦೨೩ರ ಏಪ್ರಿಲಿನಲ್ಲಿ ಯು.ಜಿ.ಸಿ.ಯೇ ವಿಶ್ವವಿದ್ಯಾನಿಲಯಗಳಿಗೆ ಹೇಳಿದೆ. ದೆಹಲಿ ಕೊಟ್ಟ ಅವಕಾಶವನ್ನು ಬಳಸುವ ಮನಸ್ಸು ನಮ್ಮಲ್ಲಿ ಬೇಕು. ಉತ್ತರಪತ್ರಿಕೆ ತಿದ್ದಲು ಕನ್ನಡದಲ್ಲಿ ವಿಜ್ಞಾನ ಓದಬಲ್ಲ ಮೇಷ್ಟ್ರು ಬೇಕು, ಕೈಯಲ್ಲಿ ಹಿಡಿಯಲು ಒಳ್ಳೆಯ ಕನ್ನಡ ಪುಸ್ತಕ ಬೇಕು. ಇವಿಲ್ಲದೆ ಬರಿಯ ಆದೇಶ ಗೋಡೆಯ ಕ್ಯಾಲೆಂಡರ್ ಇದ್ದ ಹಾಗೆ.

ಗಂಗೋತ್ರಿಯಲ್ಲಿ ಹೊರನಾಡಿನವರೂ ಓದುತ್ತಾರೆ. ಈಶಾನ್ಯ ರಾಜ್ಯದವರು, ಟಿಬೆಟಿನ ಶಿಬಿರದವರು, ಇರಾನಿನವರು, ಆಫ್ರಿಕಾದವರು. ಅವರನ್ನು ಕಂಡರೆ ಕೆಲವರಿಗೆ ಕಣ್ಣು ಕೆಂಪಾಗುತ್ತದೆ. ಬೇಡ! ತಿರುತ್ತಣಿಯಿಂದ ಬಂದ ರಾಧಾಕೃಷ್ಣನ್ ೧೯೧೮ರಿಂದ ೧೯೨೧ರವರೆಗೆ ಇಲ್ಲಿ ತತ್ವಶಾಸ್ತ್ರ ಹೇಳಿದರು. ಕಲ್ಕತ್ತಕ್ಕೆ ಹೊರಟ ದಿನ ನಮ್ಮ ಹುಡುಗರು ಅವರ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಮುಟ್ಟಿಸಿದರು. ಕನ್ನಡಿಗನ ಗುಣ ಅದು. ಬಂದವರನ್ನು ಪ್ರೀತಿಯಿಂದ ಕರೆದು ಕನ್ನಡ ಕಲಿಸೋಣ. ೧೯೬೯ರಿಂದ ಗಂಗೋತ್ರಿಯ ನೆರೆಯಲ್ಲೇ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನವಿದೆ. ಬೇರೆ ಭಾಷೆಯವರಿಗೆ ನಮ್ಮ ಭಾಷೆ ಕಲಿಸುವ ವಿದ್ಯೆಯನ್ನು ಹೇಳಿಕೊಡುವವರು ಕೂಗಳತೆಯಲ್ಲೇ ಇದ್ದಾರೆ. ಕೇಳಬೇಕಾದವರು ನಾವು.

ಗೆಳೆಯರೇ, ಘೋಷಣೆ ಸಾಕು. ನಾವು ಕೇಳಬೇಕಾದದ್ದು ನಾಲ್ಕು.

ಒಂದು: ಯಾವ ವಿಷಯದ ಪಿಎಚ್.ಡಿ.ಯೇ ಆಗಲಿ, ಪ್ರಬಂಧದ ಜೊತೆ ಹತ್ತು ಪುಟದ ಕನ್ನಡ ಸಾರಾಂಶ ಕಡ್ಡಾಯವಾಗಬೇಕು. ರಾಗಿಯ ಮೇಲೆ ಸಂಶೋಧನೆ ಮಾಡಿದವನು ರಾಗಿ ಬೆಳೆಯುವವನಿಗೆ ಅರ್ಥವಾಗುವ ಹಾಗೆ ಬರೆಯಲಿ.

ಎರಡು: ವಿಜ್ಞಾನ ವಿಭಾಗಗಳಲ್ಲೂ ಸೆಮಿನಾರು, ಉತ್ತರಪತ್ರಿಕೆ ಕನ್ನಡದಲ್ಲಿ ಕೊಡಲು ಬಿಡಬೇಕು. ಅದಕ್ಕೆ ಬೇಕಾದ ಪುಸ್ತಕಕ್ಕೆ ಹಣ ಎತ್ತಿಡಬೇಕು.

ಮೂರು: ಹಾಸ್ಟೆಲಿನಲ್ಲಿ, ತರಗತಿಯಲ್ಲಿ ಜಾತಿಯ ಹೆಸರಿನಲ್ಲಾಗಲಿ ಭಾಷೆಯ ಹೆಸರಿನಲ್ಲಾಗಲಿ ಯಾರನ್ನೂ ಹೀಯಾಳಿಸಬಾರದು. ಹಳ್ಳಿ ಕನ್ನಡ ಆಡಿದವರನ್ನು ನೋಡಿ ನಗುವುದೂ ಕನ್ನಡದ್ರೋಹವೇ.

ನಾಲ್ಕು: ಹೊರಗಿನಿಂದ ಬಂದ ಪ್ರತಿ ವಿದ್ಯಾರ್ಥಿಗೂ, ಪ್ರತಿ ಪ್ರಾಧ್ಯಾಪಕರಿಗೂ ಮೊದಲ ವರ್ಷವೇ ಕನ್ನಡ ಕಲಿಸುವ ಏರ್ಪಾಡು ಆಗಬೇಕು.

ಇದನ್ನು ಸರ್ಕಾರ ಮಾಡಲಿ ಎಂದು ಕಾದು ಕೂರಬೇಡಿ. ನಿಮ್ಮಲ್ಲಿ ಎಂಜಿನಿಯರಿಂಗ್ ಓದುವವರಿದ್ದೀರಿ, ಬಿ.ಎಸ್ಸಿ. ಓದುವವರಿದ್ದೀರಿ. ನೀವು ಓದಿದ ಒಂದು ಪಾಠವನ್ನು ಈ ತಿಂಗಳಲ್ಲೇ ಕನ್ನಡದಲ್ಲಿ ಬರೆಯಿರಿ, ನಿಮ್ಮ ತಮ್ಮ ತಂಗಿಯರಿಗೆ ಓದಿ ಹೇಳಿ. ತಡವರಿಸುತ್ತೀರಿ, ಪದ ಸಿಗುವುದಿಲ್ಲ. ಇಂಗ್ಲಿಷ್ ಪದವನ್ನೇ ಕನ್ನಡದ ಅಕ್ಷರದಲ್ಲಿ ಬರೆಯಿರಿ, ತಪ್ಪೇನಿಲ್ಲ. ಬೆಳ್ಳಾವೆಯವರಿಗೆ ಬೆನ್ನಾಗಿ ನಿಲ್ಲುವವರು ಅಂದು ಸಾಲದಾದರು. ಇಂದು ಬರೆಯುವವರಿಗೆ ಹಾಗಾಗದಂತೆ ನೋಡಿಕೊಳ್ಳುವ ಕೆಲಸ ನಿಮ್ಮದು.

ಕನ್ನಡದಲ್ಲಿ ಯೋಚಿಸುವ ಮಕ್ಕಳು ಹಿಂದಿನ ಬೆಂಚಿನಿಂದ ಎದ್ದು ಮುಂದಕ್ಕೆ ಬರಲಿ. ನಮ್ಮ ವಿಶ್ವವಿದ್ಯಾನಿಲಯ ಅಂದೇ ನಿಜವಾಗಿ ನಮ್ಮದಾಗುತ್ತದೆ.

ಸಿರಿಗನ್ನಡಂ ಗೆಲ್ಗೆ! ಸಿರಿಗನ್ನಡಂ ಬಾಳ್ಗೆ!