ಮೋಡ ಕಾಯುವವರು

(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)

ಮಳೆ ಬರುತ್ತೋ ಇಲ್ಲವೋ ತಿಳಿಯಲು ನಾವು ಏನು ಮಾಡುತ್ತೇವೆ? ತಲೆ ಎತ್ತಿ ಮುಗಿಲು ನೋಡುತ್ತೇವೆ. ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ನೋಡುತ್ತೇವೆ. ಆದರೆ ನಮ್ಮ ಕಣ್ಣಿಗೆ ಕಾಣೋದು ನಮ್ಮೂರಿನ ಮುಗಿಲು ಮಾತ್ರ. ದೂರದ ಸಮುದ್ರದಲ್ಲಿ ಏಳುವ ಚಂಡಮಾರುತ ನಮಗೆ ಕಾಣೋದಿಲ್ಲ. ಅದಕ್ಕೆ ಎತ್ತರದಲ್ಲಿ ಒಂದು ಕಣ್ಣು ಬೇಕು. ಆ ಕಣ್ಣೇ ಹವಾಮಾನ ಉಪಗ್ರಹ.

ಅದು ಇರೋದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುತ್ತೆ. ಹಾಗಾಗಿ ನಮ್ಮ ದೇಶವನ್ನೇ ನೋಡುತ್ತಾ ಒಂದೇ ಕಡೆ ನಿಂತ ಹಾಗೆ ಕಾಣುತ್ತೆ. ಶ್ರೀಹರಿಕೋಟಾದಿಂದ 2016ರಲ್ಲಿ ಇನ್ಸಾಟ್-3ಡಿಆರ್ ಹಾರಿತು. 2024ರಲ್ಲಿ ಇನ್ಸಾಟ್-3ಡಿಎಸ್ ಹಾರಿತು. ಇಂಥ ಒಂದು ಉಪಗ್ರಹ ಅರ್ಧ ಗಂಟೆಗೊಂದು ಚಿತ್ರ ಕಳಿಸುತ್ತೆ. ಎರಡು ಸೇರಿ ಸರದಿಯಂತೆ ಕಳಿಸಿದರೆ ಕಾಲು ಗಂಟೆಗೊಂದು ಚಿತ್ರ ಸಿಗುತ್ತೆ.

ರಾತ್ರಿ ಕತ್ತಲಲ್ಲಿ ಮೋಡ ಹೇಗೆ ಕಾಣುತ್ತೆ? ಕತ್ತಲೆ ಮನೆಯಲ್ಲೂ ಒಲೆಯ ಹತ್ತಿರ ಕೈ ಒಡ್ಡಿದರೆ ಬಿಸಿ ಗೊತ್ತಾಗುತ್ತಲ್ಲ, ಹಾಗೆ. ಉಪಗ್ರಹ ಮೋಡದ ಬಿಸಿ ತಂಪನ್ನು ಅಳೆಯುತ್ತೆ. ಎತ್ತರಕ್ಕೆ ಬೆಳೆದ ಮೋಡದ ತಲೆ ಬಹಳ ತಂಪು. ಜೋರು ಮಳೆ ತರೋದು ಹೆಚ್ಚಾಗಿ ಅಂಥ ಮೋಡಗಳೇ.

ಉಪಗ್ರಹ ಹಾರಿಸಿದರೆ ಕೆಲಸ ಮುಗಿಯಿತೆ? ಇಲ್ಲ. ಹಸು ತಂದು ಕಟ್ಟಿದ ಮೇಲೆ ದಿನಾ ನೋಡಿಕೊಳ್ಳಬೇಕಲ್ಲ, ಇದೂ ಹಾಗೇ. ನಮ್ಮ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಅದು 1982ರಲ್ಲಿ ಶುರುವಾಯಿತು. ದೊಡ್ಡ ಬೋಗುಣಿಯಂಥ ಆಂಟೆನಾಗಳು ಅಲ್ಲಿ ಮುಗಿಲಿಗೆ ಮುಖ ಮಾಡಿ ನಿಂತಿವೆ. ಹಗಲೂ ರಾತ್ರಿ ಪಾಳಿಯ ಮೇಲೆ ಜನ ಕೂತಿರುತ್ತಾರೆ. ಉಪಗ್ರಹದ ಬಿಸಿ ಎಷ್ಟು? ಬ್ಯಾಟರಿ ಹೇಗಿದೆ? ಇಂಧನ ಎಷ್ಟು ಉಳಿದಿದೆ? ಇದನ್ನೆಲ್ಲ ನೋಡುತ್ತಲೇ ಇರುತ್ತಾರೆ.

ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ತನ್ನ ಜಾಗದಿಂದ ಸರಿಯುತ್ತೆ. ಆಗ ನೆಲದಿಂದ ಅಪ್ಪಣೆ ಹೋಗುತ್ತೆ. ಉಪಗ್ರಹದ ಪುಟ್ಟ ಎಂಜಿನ್ ಉರಿದು ಅದನ್ನು ಮತ್ತೆ ಜಾಗಕ್ಕೆ ತರುತ್ತೆ. ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ದಿನಾ ನಡುರಾತ್ರಿ ಅದು ಭೂಮಿಯ ನೆರಳಿಗೆ ಬರುತ್ತೆ. ಆಗ 72 ನಿಮಿಷದವರೆಗೂ ಬಿಸಿಲು ಇರೋದಿಲ್ಲ. ಬಿಸಿಲಿಲ್ಲದೆ ಕರೆಂಟು ಹುಟ್ಟೋದಿಲ್ಲ. ಬ್ಯಾಟರಿಯೇ ಗತಿ. ಆಗ ಕಾವಲು ಇನ್ನೂ ಬಿಗಿ.

ಚಿತ್ರಗಳು ಹೋಗೋದು ದೆಹಲಿಯ ಹವಾಮಾನ ಇಲಾಖೆಗೆ. ಅಲ್ಲಿ ಕಂಪ್ಯೂಟರುಗಳು ಅವನ್ನು ತಿದ್ದಿ, ನಕ್ಷೆಯ ಗೆರೆ ಕೂಡಿಸುತ್ತವೆ. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಹೋಲಿಸಿದರೆ ಮೋಡ ಎತ್ತ ಸಾಗಿದೆ, ಎಷ್ಟು ಬೇಗ ಸಾಗಿದೆ ಎಂದು ತಿಳಿಯುತ್ತೆ. ಉಪಗ್ರಹ ಒಂದೇ ಸಾಲದು. ರೇಡಾರ್, ಬಲೂನು, ನೆಲದ ಮೇಲಿನ ಮಳೆಮಾಪಕ, ಎಲ್ಲದರ ಲೆಕ್ಕವನ್ನೂ ಕೂಡಿಸಿ ನೋಡಿ ಮುನ್ಸೂಚನೆ ಬರೆಯುತ್ತಾರೆ.

ಈಗ ಒಂದು ಮುಖ್ಯ ಮಾತು. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಭಾರೀ ಚಂಡಮಾರುತ ಬಡಿಯಿತು. ಸುಮಾರು 10,000 ಜನ ಸತ್ತರು. ಆಗ ಉಪಗ್ರಹ ಇರಲಿಲ್ಲವೆ? ಇತ್ತು. ಚಿತ್ರವೂ ಬಂದಿತ್ತು. ಆದರೆ ಓಡಿಹೋಗಿ ನಿಲ್ಲಲು ಗಟ್ಟಿ ಕಟ್ಟಡಗಳು ಸಾಲಲಿಲ್ಲ. ಎಚ್ಚರಿಕೆ ಎಲ್ಲರ ಮನೆ ಬಾಗಿಲಿಗೆ ಮುಟ್ಟಲಿಲ್ಲ.

2019ರ ಮೇ 3ರಂದು ಅದೇ ಒಡಿಶಾಕ್ಕೆ ಫಾನಿ ಚಂಡಮಾರುತ ಬಂತು. ಅಷ್ಟರಲ್ಲಿ ನೂರಾರು ಆಸರೆ ಕಟ್ಟಡಗಳು ಎದ್ದಿದ್ದವು. ಊರೂರಿಗೆ ಸುದ್ದಿ ಮುಟ್ಟಿತು. 10 ಲಕ್ಷಕ್ಕೂ ಹೆಚ್ಚು ಜನ ಮೊದಲೇ ಮನೆ ಬಿಟ್ಟು ಹೊರಟರು. ಆಗಲೂ ಸಾವು ಆಯಿತು. ಆದರೆ ಸತ್ತವರು ನೂರಕ್ಕಿಂತ ಕಡಿಮೆ. ನೋಡಿ, ಎಷ್ಟು ಅಂತರ!

ಹಾಗಾದರೆ ಮುಗಿಲಿನಿಂದ ಹೊರಟ ಸುದ್ದಿಯ ಕೊನೆಯ ಮೆಟ್ಟಿಲು ಯಾರು? ನಾವೇ. ಹವಾಮಾನ ಇಲಾಖೆ ನಾಲ್ಕು ಬಣ್ಣದಲ್ಲಿ ಸೂಚನೆ ಕೊಡುತ್ತೆ. ಹಸಿರು ಅಂದರೆ ಅಪಾಯ ಇಲ್ಲ. ಹಳದಿ ಅಂದರೆ ಗಮನ ಇಡಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ತಡಮಾಡದೆ ಕಾಪಾಡಿಕೊಳ್ಳಿ.

ಈ ನಾಲ್ಕು ಮಾತು ಇಂದೇ ಹಲಗೆಯ ಮೇಲೆ ಬರೆಯೋಣ. ಮನೆಗೆ ಹೋಗಿ ಮಕ್ಕಳಿಗೂ ಹಿರಿಯರಿಗೂ ಓದಿ ಹೇಳೋಣ. ಹಾಸನದಲ್ಲಿ ರಾತ್ರಿಯೆಲ್ಲ ಎಚ್ಚರ ಇದ್ದವರ ದುಡಿಮೆ ಆಗಲೇ ಸಾರ್ಥಕ.