ಕಡಲಂಚಿನಲ್ಲಿ ನಮ್ಮ ಮಣ್ಣು

ನಾನು ಓದಿದ್ದು ನ್ಯಾಮತಿಯಲ್ಲಿ. ಆಗ ಅದು ಹೊನ್ನಾಳಿ ತಾಲ್ಲೂಕಿಗೆ ಸೇರಿದ ಊರು. ಭೂಗೋಳದ ಮೇಷ್ಟರು ಹಲಗೆಯ ಮೇಲೆ ‘ನದೀಮುಖಜ ಭೂಮಿ’ ಎಂದು ಬರೆದು ನೈಲ್, ಗಂಗಾ, ಮಿಸಿಸಿಪ್ಪಿಗಳ ಹೆಸರು ಹೇಳಿದಾಗ ನಮಗೇನೂ ತಿಳಿಯಲಿಲ್ಲ. ಒಂದು ದಿನ ದೊಡ್ಡ ಮಳೆ ನಿಂತ ಮೇಲೆ ಅವರು ನಮ್ಮನ್ನು ಶಾಲೆಯ ಹಿಂದಕ್ಕೆ ಕರೆದೊಯ್ದರು. ಇಳಿಜಾರಿನಿಂದ ಓಡಿಬಂದ ಕೆಂಪು ನೀರು ಗುಂಡಿಯನ್ನು ಸೇರುವೆಡೆಯಲ್ಲಿ ವೇಗ ಕಳೆದುಕೊಂಡು, ಕವಲೊಡೆದು, ಬೀಸಣಿಗೆಯಂತೆ ಮಣ್ಣು ಹಾಸಿತ್ತು. “ಮುಖಜ ಭೂಮಿಯೆಂದರೆ ಇಷ್ಟೇ, ನೋಡಿರಿ” ಎಂದರು.

ಇಂಥ ಮೂರು ಮೂಲೆಯ ಆಕಾರವನ್ನು ಕಂಡೇ ಗ್ರೀಕರು ನೈಲ್ ನದಿಯ ಮುಖಕ್ಕೆ ತಮ್ಮ ‘ಡೆಲ್ಟಾ’ ಅಕ್ಷರದ ಹೆಸರಿಟ್ಟರು. ಗಂಗಾ-ಬ್ರಹ್ಮಪುತ್ರಗಳು ಕಟ್ಟಿದ್ದು ಜಗತ್ತಿನಲ್ಲಿಯೇ ದೊಡ್ಡದು. ಮಿಸಿಸಿಪ್ಪಿಯದು ಹಕ್ಕಿಯ ಪಾದದಂತಿದೆ. ಘಟ್ಟವಿಳಿದು ಬೇಗನೆ ಕಡಲು ಸೇರುವ ನಮ್ಮ ಶರಾವತಿ, ಕಾಳಿಗಳಿಗೆ ಇರುವುದು ಅಳಿವೆಗಳು ಮಾತ್ರ.

ಹಾಗಾದರೆ ನಮಗೆ ಮುಖಜ ಭೂಮಿಯೇ ಇಲ್ಲವೆ? ಇದೆ, ದೂರದಲ್ಲಿದೆ. ಕೂಡಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಹೊನ್ನಾಳಿಯ ಮಗ್ಗುಲಲ್ಲಿ ಹರಿಯುತ್ತವೆ. ಚನ್ನಗಿರಿಯ ಸೂಳೆಕೆರೆಯ ಹಳ್ಳ ಹರಿಹರದಲ್ಲಿ ಆ ಹೊಳೆಗೆ ಕೂಡುತ್ತದೆ. ವರ್ಷದ ಬಹುಕಾಲ ಬತ್ತಿರುವ ಜಗಳೂರು ಸೀಮೆಯ ಚಿಕ್ಕಹಗರಿಯೂ ವೇದಾವತಿಯ ಮೂಲಕ ತುಂಗಭದ್ರೆಯನ್ನೇ ಸೇರುತ್ತದೆ. ತುಂಗಭದ್ರೆ ಕೃಷ್ಣೆಯಲ್ಲಿ ಬೆರೆತು, ವಿಜಯವಾಡವನ್ನು ದಾಟಿ, ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಅಲ್ಲಿಯ ಭತ್ತದ ಬಯಲಿನಲ್ಲಿ ನಮ್ಮ ಹೊಲಗಳ ಮಣ್ಣಿನ ಅಂಶವಿದೆ. ಸಾವಿರಾರು ವರ್ಷಗಳ ಮುಂಗಾರುಗಳು ಹೊತ್ತು ಹಾಕಿದ ಮಣ್ಣು ಅದು.

ಇಂದು ಆ ಮಣ್ಣಿನ ಬಹುಭಾಗ ಕಡಲನ್ನು ಮುಟ್ಟುತ್ತಿಲ್ಲ. 1953ರಲ್ಲಿ ನೀರು ನಿಲ್ಲಿಸಿದಾಗ ತುಂಗಭದ್ರಾ ಜಲಾಶಯದಲ್ಲಿ ಸುಮಾರು 133 ಟಿ.ಎಂ.ಸಿ. ನೀರಿಗೆ ಎಡೆಯಿತ್ತು, ಈಗ ಉಳಿದಿರುವುದು ಸುಮಾರು 105ಕ್ಕೆ. ಮಿಕ್ಕ ಜಾಗವನ್ನು ಹೂಳು ತುಂಬಿದೆ. ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರಗಳೂ ಮಣ್ಣನ್ನು ತಡೆದಿಡುತ್ತವೆ. ಮುಖಜ ಭೂಮಿಯಾದರೋ ತನ್ನ ಭಾರಕ್ಕೆ ತಾನೇ ಕುಸಿಯುವಂಥದು; ಅಲೆಗಳು ಅದರ ಅಂಚನ್ನು ಕೊರೆಯುತ್ತಲೇ ಇರುತ್ತವೆ. ಹೊಸ ಮಣ್ಣು ಬಂದರಷ್ಟೇ ಅದಕ್ಕೆ ಉಳಿವು. 1970ರಲ್ಲಿ ಅಸ್ವಾನ್ ಮಹಾ ಅಣೆಕಟ್ಟು ಮುಗಿದ ಮೇಲೆ ನೈಲ್ ನದಿಯ ಮುಖದಲ್ಲಿ ಕಡಲು ಒಳನುಗ್ಗಿತು. ಕೃಷ್ಣೆಯ ಕರೆಯೂ ಹಲವೆಡೆ ಹಿಂಜರಿಯುತ್ತಿದೆ.

ಅಣೆಕಟ್ಟುಗಳೇ ಬೇಡವೆನ್ನುವವನು ನಾನಲ್ಲ. ಭದ್ರೆಯ ನಾಲೆ ಚನ್ನಗಿರಿಗೆ ತಂದ ಹಸಿರನ್ನು ಕಂಡಿದ್ದೇನೆ. ನೀರಿಗಾಗಿ ಕಾದ ಜಗಳೂರಿನ ಹೊಲಗಳನ್ನೂ ಕಂಡಿದ್ದೇನೆ. ನನ್ನ ಚಿಂತೆ ಬೇರೆ. ಹೊಲ ಮೇಲ್ಮಣ್ಣನ್ನು ಕಳೆದುಕೊಂಡಿತು, ಜಲಾಶಯ ನೀರಿನ ಎಡೆಯನ್ನು ಕಳೆದುಕೊಂಡಿತು, ಕಡಲಂಚು ನೆಲವನ್ನೇ ಕಳೆದುಕೊಳ್ಳುತ್ತಿದೆ. ಈ ವ್ಯವಹಾರದಲ್ಲಿ ಲಾಭ ಯಾರಿಗೆ?

ಬೇಸಿಗೆಯಲ್ಲಿ ಕೆರೆ ಬತ್ತಿದೊಡನೆ ನಮ್ಮ ತಂದೆ ಗಾಡಿ ಕಟ್ಟಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಬಿದ್ದ ರಾತ್ರಿ ಕಂದೀಲು, ಗುದ್ದಲಿ ಹಿಡಿದು ಬದುವಿನ ಬಳಿ ನಿಲ್ಲುತ್ತಿದ್ದರು. ಅವರು ಕೃಷ್ಣೆಯ ಮುಖವನ್ನು ಕಂಡವರಲ್ಲ. ಬದು ಹಾಕಿದ ಮಾತ್ರಕ್ಕೆ ಆ ದೂರದ ಕರೆ ಉಳಿಯದು, ನಿಜ. ಆದರೂ ಹೊಲಕ್ಕೂ ಇಲ್ಲದೆ, ಕಡಲಂಚಿಗೂ ಇಲ್ಲದೆ ಅಣೆಯ ತಳದಲ್ಲಿ ಹೂತುಹೋಗುವ ಮಣ್ಣನ್ನು ಮೊದಲ ಹೆಜ್ಜೆಯಲ್ಲೇ ಹಿಡಿದಿಡುವುದು ಮೇಲುಸೀಮೆಯವರಾದ ನಮ್ಮ ಕೈಯಲ್ಲಿದೆ. ಮುಂದಿನ ಮಳೆಯಲ್ಲಿ ನಿಮ್ಮ ಹೊಲದಿಂದ ಕೆಂಪು ನೀರು ಹೊರಟರೆ ಅದು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಯೋಚಿಸಿರಿ.