ಜನರ ಅರಮನೆ

ಮೈಸೂರು ಅರಮನೆಯ ಕಲ್ಯಾಣಮಂಟಪವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ತಲೆಯೆತ್ತಿದರೆ ನವಿಲುಗಳ ಬಣ್ಣದ ಗಾಜಿನ ಚಾವಣಿ; ಸುತ್ತಲೂ ಎರಕದ ಕಬ್ಬಿಣದ ಕಂಬಗಳು. ಆ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸ್ಯಾರಸೆನ್ ಕಾರ್ಖಾನೆಯಲ್ಲಿ ಎರಕವಾಗಿ, ಹಡಗಿನಲ್ಲಿ ಬಂದವು. ಕಂಬವನ್ನು ಮೆಚ್ಚುತ್ತೇವೆ. ಅದನ್ನು ಎರಕ ಹೊಯ್ದವನು ಸಂಜೆ ಕೆಲಸ ಬಿಟ್ಟು ಎಂಥ ಮನೆಗೆ ಹೋಗುತ್ತಿದ್ದ, ಹೆಂಡತಿ ಮಕ್ಕಳೊಡನೆ ಎಲ್ಲಿ ಮಲಗುತ್ತಿದ್ದ ಎಂದು ಕೇಳುವ ರೂಢಿ ನಮಗಿಲ್ಲ. ಅದನ್ನೇ ಕೇಳಿ, ಉತ್ತರವನ್ನು ಕೂಡಿಸಿಟ್ಟ ವಸ್ತುಸಂಗ್ರಹಾಲಯವೊಂದು ಆ ಊರಿನಲ್ಲುಂಟು. ಅದರ ಹೆಸರೂ ಅರಮನೆಯೇ: ಪೀಪಲ್ಸ್ ಪ್ಯಾಲೆಸ್, ಎಂದರೆ ಜನರ ಅರಮನೆ. ಈ ಹೊತ್ತು ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತೇನೆ.

ಕ್ಲೈಡ್ ನದಿಯ ದಡದಲ್ಲಿ ಗ್ಲಾಸ್ಗೊ ಗ್ರೀನ್ ಎಂಬ ಬಹು ಹಳೆಯ ಸಾರ್ವಜನಿಕ ಬಯಲಿದೆ. ಅಲ್ಲಿ ಕೆಂಪು ಕಲ್ಲಿನ ಕಟ್ಟಡ. ಅದರ ಬೆನ್ನಿಗೆ, ನಮ್ಮ ಲಾಲ್‌ಬಾಗನ್ನು ನೆನಪಿಗೆ ತರುವ ದೊಡ್ಡ ಗಾಜಿನ ಮನೆ. ಊರಿನ ಪೂರ್ವಭಾಗದಲ್ಲಿ ಹೊಗೆಯ ನಡುವೆ ಕಿಕ್ಕಿರಿದು ಬಾಳುತ್ತಿದ್ದ ಜನಕ್ಕೆ ಓದಲು, ವಿರಮಿಸಲು, ಚಿತ್ರಗಳನ್ನು ನೋಡಲು ಸ್ಥಳವಿರಲೆಂದು ನಗರಸಭೆ ಕಟ್ಟಿಸಿ 1898ರಲ್ಲಿ ತೆರೆಯಿತು. ಬರಬರುತ್ತ ಅದು ಆ ಜನರದೇ ಚರಿತ್ರೆಯ ಮನೆಯಾಯಿತು.

ಒಳಗೆ ನೋಡಬೇಕಾದದ್ದು ಒಂದು ಕೋಣೆ. ಅಲ್ಲಿಯವರು ಅದನ್ನು 'ಸಿಂಗಲ್ ಎಂಡ್' ಎನ್ನುತ್ತಾರೆ. ಇಡೀ ಸಂಸಾರಕ್ಕೆ ಅದೊಂದೇ ಕೋಣೆ. ಒಂದು ಕಡೆ ಕಲ್ಲಿದ್ದಲ ಒಲೆ. ಅಡಿಗೆಗೂ ಅದೇ, ಚಳಿಗೂ ಅದೇ. ಕಿಟಕಿಯ ಬಳಿ ನೀರಿನ ತೊಟ್ಟಿ. ಗೋಡೆಯೊಳಗೆ ಗೂಡಿನ ಹಾಗೆ ಬಿಟ್ಟ ಜಾಗದಲ್ಲಿ ಮಂಚ. ಅದರ ಕೆಳಗೆ ಚಕ್ರದ ಸಣ್ಣ ಮಂಚ; ರಾತ್ರಿ ಎಳೆದು ಮಕ್ಕಳನ್ನು ಮಲಗಿಸಬೇಕು, ಬೆಳಗ್ಗೆ ತಳ್ಳಿದರೆ ಓಡಾಡಲು ನೆಲ ಸಿಕ್ಕೀತು. ಕಕ್ಕಸು ಮನೆಯೊಳಗಿಲ್ಲ, ಹಲವು ಸಂಸಾರಗಳಿಗೆ ಸೇರಿ ಮೆಟ್ಟಿಲ ತಿರುವಿನಲ್ಲಿ. ಹೆರಿಗೆ, ಕಾಯಿಲೆ, ಸಾವು ಎಲ್ಲಕ್ಕೂ ಇದೇ ನಾಲ್ಕು ಗೋಡೆ. ಆ ಕಂಬಗಳು ಎರಕವಾದ ಕಾಲದಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಇಂಥ ಒಂದು ಕೋಣೆಯಲ್ಲೋ ಎರಡು ಕೋಣೆಯಲ್ಲೋ ಇದ್ದವರು.

ಇನ್ನೊಂದು ಸಂಗತಿ ಕೇಳಿ. 1862ರ ಕಾಯಿದೆಯಿಂದಾಗಿ ಇಂಥ ಸಣ್ಣ ಮನೆಗಳ ಬಾಗಿಲಿಗೆ ಲೋಹದ ಬಿಲ್ಲೆ ಬಡಿಯುತ್ತಿದ್ದರು. ಕೋಣೆಯ ಗಾಳಿಯನ್ನು ಘನ ಅಡಿಗಳಲ್ಲಿ ಅಳೆದು, ಇಷ್ಟು ಮಂದಿ ಮಾತ್ರ ಮಲಗತಕ್ಕದ್ದೆಂದು ಅದರ ಮೇಲೆ ನಮೂದು. ಎಂಟು ವರ್ಷದೊಳಗಿನ ಮಗು ಅರ್ಧ ಆಳಿನ ಲೆಕ್ಕ. ನಡುರಾತ್ರಿ ತನಿಖೆಯವರು ಬಂದು ತಲೆ ಎಣಿಸುವರು. ಹೆಚ್ಚಿನವರು ಬೀರುವಿನೊಳಗೆ, ಮಂಚದ ಕೆಳಗೆ, ಮಾಡಿನ ಮೇಲೆ ಕೂಡ ಅಡಗಿ ಕೂರುತ್ತಿದ್ದರಂತೆ. ರೋಗ ಹರಡಬಾರದೆಂಬ ಉದ್ದೇಶವೇನೋ ಒಳ್ಳೆಯದೇ. ಆದರೆ ಬಾಡಿಗೆ ಹೊರಲಾರದೆ ನೆಂಟನೊಬ್ಬನನ್ನು ಜೊತೆಗಿಟ್ಟುಕೊಂಡ ಮನೆಯವನಿಗೆ ಬಿಲ್ಲೆಯಿಂದ ಬೇರೆ ಕೋಣೆ ಸಿಕ್ಕಲಿಲ್ಲ.

ಬಾಡಿಗೆಯ ಮಾತು ಬಂತು. 1915ರಲ್ಲಿ, ಗಂಡಸರು ಯುದ್ಧಕ್ಕೆ ಹೋಗಿದ್ದಾಗ, ಮನೆಯೊಡೆಯರು ಬಾಡಿಗೆ ಏರಿಸಿದರು. ಗೋವನ್ ಎಂಬ ಬಡಾವಣೆಯ ಮೇರಿ ಬಾರ್ಬರ್ ಮೊದಲಾದ ಗೃಹಿಣಿಯರು ಏರಿಕೆ ಕೊಡುವುದಿಲ್ಲವೆಂದು ನಿಂತರು. ಒಕ್ಕಲೆಬ್ಬಿಸಲು ಅಮೀನ ಬಂದರೆ ಗಂಟೆ ಬಾರಿಸಿ ಬೀದಿಯ ಹೆಂಗಸರನ್ನೆಲ್ಲ ಕೂಡಿಸುವರು, ಹಿಟ್ಟು ಎರಚುವರು. ಆ ಡಿಸೆಂಬರಿನಲ್ಲೇ ಬಾಡಿಗೆ ಏರಿಸದಂತೆ ಪಾರ್ಲಿಮೆಂಟು ಕಾನೂನು ಮಾಡಬೇಕಾಯಿತು. ಅಡಿಗೆಮನೆಯಿಂದ ಹೊರಟ ಚಳವಳಿ ಅದು. ಆ ಕೋಣೆಯನ್ನು ನೋಡಿದವರಿಗೆ ಅದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವನ್ನೆಲ್ಲ ಉಳಿಸಿದವರು ಯಾರೆನ್ನುವಿರಿ? 1970ರ ದಶಕದಲ್ಲಿ ಹಳೆಯ ವಠಾರಗಳನ್ನು ಸಾಲುಸಾಲಾಗಿ ಕೆಡವುತ್ತಿದ್ದರು. 1974ರಲ್ಲಿ ಸಂಗ್ರಹಾಲಯದ ಹೊಣೆ ಹೊತ್ತ ಎಲ್ಸ್‌ಪೆತ್ ಕಿಂಗ್ ಮತ್ತು ಅವರ ಸಹಾಯಕ ಮೈಕಲ್ ಡಾನೆಲಿ ಕೆಡವುವ ಜಾಗಕ್ಕೇ ಹೋಗಿ, ಕಸವಾಗಲಿದ್ದುದನ್ನು ಹೊತ್ತು ತಂದರು. ನಮ್ಮಲ್ಲಿ ಹಿತ್ತಲ ಒರಳನ್ನೂ ಅಜ್ಜಿಯ ಮರದ ಪೆಟ್ಟಿಗೆಯನ್ನೂ ಗುಜರಿಯವನಿಗೆ ಕೊಟ್ಟು, ಭಾನುವಾರ ಕತ್ತಿ ಗುರಾಣಿ ನೋಡಲು ಹೋಗುತ್ತೇವಲ್ಲ!

ಒಂದು ನಗೆಯ ಮಾತನ್ನೂ ಹೇಳಿಬಿಡುತ್ತೇನೆ. ಅಲ್ಲಿ ಇಲಿ ಹಿಡಿಯಲು ಸ್ಮಡ್ಜ್ ಎಂಬ ಬೆಕ್ಕಿತ್ತು. ಸಂಗ್ರಹಾಲಯದ ನೌಕರನೆಂದು ಅದನ್ನು ಕಾರ್ಮಿಕ ಸಂಘದ ಸದಸ್ಯನನ್ನಾಗಿಯೂ ಮಾಡಿಕೊಂಡಿದ್ದರು.

ಹೊರಡುವುದಿದ್ದರೆ ಮೊದಲು ವಿಚಾರಿಸಿಕೊಳ್ಳಿ. ಗಾಜಿನ ಮನೆಯನ್ನು 2018ರ ಕೊನೆಗೆ, ಕಟ್ಟಡವನ್ನು 2024ರಲ್ಲಿ, ದೊಡ್ಡ ದುರಸ್ತಿಗೆಂದು ಮುಚ್ಚಿದರು. ಬಾಗಿಲು ಮುಚ್ಚಿದ್ದರೂ ಬಯಲು ಮುಚ್ಚುವುದಿಲ್ಲ. ಪಕ್ಕದಲ್ಲೇ ವೆನಿಸ್ಸಿನ ಅರಮನೆಯನ್ನು ಅನುಕರಿಸಿದ ಟೆಂಪಲ್‌ಟನ್ ರತ್ನಗಂಬಳಿ ಕಾರ್ಖಾನೆಯ ಬಣ್ಣದ ಇಟ್ಟಿಗೆಯ ಮುಖ. ಅದನ್ನು ಕಟ್ಟುತ್ತಿದ್ದಾಗ, 1889ರ ನವೆಂಬರ್ 1ರಂದು, ಬಿರುಗಾಳಿಗೆ ಗೋಡೆ ಕುಸಿದು ನೇಯುತ್ತಿದ್ದ 29 ಹೆಂಗಸರು ಸತ್ತರು. ಅದರ ಸಮೀಪ ಹುಲ್ಲಿನಲ್ಲಿ ಕಬ್ಬಿಣದ ಕಂಬಗಳ ಸಾಲು ಕಾಣುತ್ತದೆ. ಕಲ್ಯಾಣಮಂಟಪದವುಗಳಂತೆ ಹೂಬಳ್ಳಿಯಿಲ್ಲ, ಬಣ್ಣವಿಲ್ಲ. ಊರಿನ ಹೆಂಗಸರು ಒಗೆದ ಬಟ್ಟೆಗೆ ಹಗ್ಗ ಕಟ್ಟುತ್ತಿದ್ದುದು ಅವುಗಳಿಗೇ.